ಬಿರುಕಿಲ್ಲದ ಗೂಡು

ಸತ್ತವರ ಎದೆಯೊಳಗಿನ ಕೃತಕ ಗೂಡನ್ನು ಯಾರಾದರೂ ಅದನ್ನು ಮಾಡಿಕೊಟ್ಟ ಸಂಸ್ಥೆಗೆ ವಾಪಸ್ ತಂದುಕೊಡಬೇಕು ಎಂಬ ಕಾನೂನು ಬಂದಾಗ ಮೈಸೂರಿನ ಜನ ಮೊದಲು ನಕ್ಕರು. ಖಾಲಿಯಾದ ಗ್ಯಾಸ್ ಸಿಲಿಂಡರ್ ವಾಪಸ್ ಕೊಟ್ಟ ಹಾಗೆ ಎಂದು ತಮಾಷೆ ಮಾಡಿದರು. ತಮ್ಮ ತಮ್ಮ ಮನೆಗಳಲ್ಲಿ ಸಾವು ಬಂದಾಗ ಆ ನಗು ನಿಂತಿತು. ಏಕೆಂದರೆ ಆ ಗೂಡು ಸುಡುತ್ತಿರಲಿಲ್ಲ. ಚಿತೆ ಆರಿದಾಗ ಮಿಕ್ಕದ್ದೆಲ್ಲ ಬೂದಿಯಾಗಿ, ನಡುವೆ ಗೂಡೊಂದು ಮಾತ್ರ ಬೆಳ್ಳಗೆ, ಇಡಿಯಾಗಿ, ಈಗಷ್ಟೇ ಯಾರೋ ಅದರೊಳಗಿಂದ ಎದ್ದುಹೋದ ಹಾಗೆ ಕೂತಿರುತ್ತಿತ್ತು. ಅದನ್ನು ಕಾವೇರಿಗೆ ಬಿಡುವಂತಿಲ್ಲ, ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಒಂದೆರಡು ವರ್ಷ ಜನ ಕದ್ದು ಮುಚ್ಚಿ ಪಶ್ಚಿಮವಾಹಿನಿಯಲ್ಲಿ ಬಿಟ್ಟು ಮೀನಿನ ಬಲೆಗಳನ್ನೆಲ್ಲ ಹಾಳು ಮಾಡಿದರು. ಆಮೇಲೆಯೇ ಈ ಕಾನೂನು ಬಂದದ್ದು. ಗೂಡು ಹಾಕಿಸಿಕೊಳ್ಳುವ ಪ್ರತಿಯೊಬ್ಬರೂ 'ಮರಳಿಸುವವರು' ಎಂದು ಒಬ್ಬರ ಹೆಸರು ಕೊಡಬೇಕು; ಆ ಒಬ್ಬರು ಖುದ್ದಾಗಿ ಬಂದು ಸಹಿ ಹಾಕಬೇಕು.

ಈ ಗೂಡು ಮಾಡುವುದು ಸುಲಭದ ಕೆಲಸವಾಗಿರಲಿಲ್ಲ. ಹುಟ್ಟಿನಿಂದ ಬಂದ ಎದೆಗೂಡು ಒಂದಕ್ಕೊಂದು ಒಗ್ಗದ ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ. ಹೃದಯಕ್ಕೂ ಶ್ವಾಸಕೋಶಕ್ಕೂ ಪೆಟ್ಟು ತಾಗದಂತೆ ಗಟ್ಟಿಯಾಗಿರಬೇಕು. ಪ್ರತಿ ಉಸಿರಿಗೂ ಹಿಗ್ಗಿ ಕುಗ್ಗಲೂ ಬೇಕು. ಕೋಟೆ ಕಟ್ಟಿ, ಅದಕ್ಕೆ ತಿದಿಯೊತ್ತುವ ಕೆಲಸವನ್ನೂ ಒಪ್ಪಿಸಿದ ಹಾಗೆ. ಮೇಲಿನ ಎಲುಬುಗಳು ಕೈಪಂಪಿನ ಹಿಡಿಯ ಹಾಗೆ ಎದೆಯ ಮೂಳೆಯನ್ನು ಮುಂದಕ್ಕೆ ಎತ್ತುತ್ತವೆ. ಕೆಳಗಿನವು ಬಕೆಟ್ಟಿನ ಹಿಡಿ ಮೇಲೇಳುವಂತೆ ಪಕ್ಕಕ್ಕೆ ಅಗಲುತ್ತವೆ. ಅಡಿಯಲ್ಲಿ ವಪೆ ಎಂಬ ಸ್ನಾಯುಪರದೆ ಇಳಿಯುತ್ತದೆ, ಗಾಳಿ ಒಳಗೆ ಬರುತ್ತದೆ. ಸಂಸ್ಥೆಯವರು ಇದನ್ನೆಲ್ಲ ಜೇಡಿಯಂಥ ಒಂದು ಪುಡಿಯನ್ನು ಸುಟ್ಟು ಮಾಡಿದ ಪಿಂಗಾಣಿಯಲ್ಲಿ ಸಾಧಿಸಿದ್ದರು. ಬೆನ್ನೆಲುಬಿನ ಬಳಿ ಸಣ್ಣ ಕೀಲುಗಳು, ಮುಂದುಗಡೆ ಮೃದ್ವಸ್ಥಿಯ ಬದಲು ಬಳುಕುವ ಪಟ್ಟಿಗಳು, ಎಲುಬುಗಳ ಮಧ್ಯೆ ರೋಗಿಯದೇ ಸ್ನಾಯುಗಳು. ಬ್ಯಾಟರಿ ಇಲ್ಲ, ತಂತಿ ಇಲ್ಲ. ಉಸಿರಾಡುವ ಆಸೆ ಇದ್ದರೆ ಸಾಕಿತ್ತು.

ವನಮಾಲ ಆ ಸಂಸ್ಥೆಯಲ್ಲಿ ಸವೆತ ನೋಡುವವಳು. ವಾಪಸ್ ಬಂದ ಗೂಡುಗಳ ಕೀಲುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ಯಾವುದು ಎಷ್ಟು ತೇದಿದೆ ಎಂದು ಅಳೆಯುವುದು ಅವಳ ಕೆಲಸ. ಹಾಗೆ ನೋಡುತ್ತ ನೋಡುತ್ತ ಅವಳಿಗೆ ಗೂಡಿನೊಳಗಿದ್ದವರ ಪರಿಚಯವೇ ಆಗಿಬಿಡುತ್ತಿತ್ತು. ಎಡಗಡೆಯ ಕೀಲು ಹೆಚ್ಚು ತೇದಿದ್ದರೆ ಬಲಕ್ಕೆ ಮಗ್ಗುಲಾಗಿ ಮಲಗುತ್ತಿದ್ದವರು. ಕೆಳಗಿನವೆಲ್ಲ ನುಣುಪಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವರು. ಮೇಲಿನ ಎರಡು ಜೊತೆ ಮಾತ್ರ ತೇದಿದ್ದರೆ ಬದುಕಿನುದ್ದಕ್ಕೂ ನಿಟ್ಟುಸಿರು ಬಿಟ್ಟವರು. ಬದುಕಿರುವವರೊಡನೆ ಇಷ್ಟು ಸಲಿಗೆ ವನಮಾಲಳಿಗೆ ಇರಲಿಲ್ಲ.

ಅವಳ ಎದೆಯೊಳಗೂ ಅಂಥದೇ ಗೂಡಿತ್ತು. ಮೂವತ್ತು ದಾಟಿದ ಹೊಸತರಲ್ಲಿ ನಂಜನಗೂಡು ರಸ್ತೆಯಲ್ಲಿ ಬಸ್ಸು ಮಗುಚಿ, ಅವಳ ಎಲುಬುಗಳೆಲ್ಲ ಪುಡಿಯಾಗಿ, ಉಸಿರೆಳೆದರೆ ಎದೆ ಹಿಗ್ಗುವ ಬದಲು ಒಳಕ್ಕೆ ಕುಸಿಯುತ್ತಿತ್ತು. ಗೂಡು ಹಾಕಿಸಿಕೊಂಡ ಮೊದಲ ತಂಡದಲ್ಲಿ ಅವಳೂ ಒಬ್ಬಳು. ಗುಣವಾದ ಮೇಲೆ ಅಲ್ಲೇ ಕೆಲಸಕ್ಕೆ ಸೇರಿಕೊಂಡಳು. ಕಾನೂನು ಬಂದಾಗ ಮರಳಿಸುವವರ ಜಾಗದಲ್ಲಿ ಅವಳ ಅಮ್ಮ ಸಹಿ ಹಾಕಿದ್ದಳು. "ಮಗಳ ಹೆಣ ನಾನು ಹೊರಬೇಕಂತೆ, ಎಂಥಾ ಕಾನೂನೋ!" ಎಂದು ಅಂದು ಇಡೀ ಹಗಲು ಬೈದುಕೊಂಡಿದ್ದಳು. ಈಗ ಅಮ್ಮನೂ ಇಲ್ಲ. ಆ ಜಾಗದಲ್ಲಿ ಬೇರೆ ಹೆಸರು ಬರೆಸಬೇಕು ಎಂಬುದು ವನಮಾಲಳಿಗೆ ಗೊತ್ತಿತ್ತು. ಯಾರೂ ಕೇಳಲಿಲ್ಲ, ಇವಳೂ ಹೇಳಲಿಲ್ಲ.

ಆ ವರ್ಷ ಯುಗಾದಿ ಮುಗಿದ ಮೇಲೆ ಸಂಸ್ಥೆಯಲ್ಲಿ ಗಾಬರಿ ಶುರುವಾಯಿತು. ಇತ್ತೀಚೆಗೆ ವಾಪಸ್ ಬರುತ್ತಿದ್ದ ಗೂಡುಗಳಲ್ಲಿ ಕೂದಲೆಳೆಯಂಥ ಬಿರುಕುಗಳು ಕಾಣತೊಡಗಿದ್ದವು. ಎಲ್ಲದರಲ್ಲೂ ಒಂದೇ ಜಾಗ: ಎಲುಬು ಬೆನ್ನಿನಿಂದ ಹೊರಟು ಮುಂದಕ್ಕೆ ತಿರುಗುವ ಬಾಗು. ನಿಜವಾದ ಎಲುಬು ಮುರಿಯುವುದೂ ಹೆಚ್ಚಾಗಿ ಅಲ್ಲಿಯೇ. ಮೊದಲ ವರ್ಷಗಳಲ್ಲಿ ಬಂದ ಗೂಡುಗಳಲ್ಲಿ ಬಿರುಕಿರಲಿಲ್ಲ. ಈಗ ಬರುವವು ಬಹಳ ಕಾಲ ಉಸಿರಾಡಿದವು. ಹಾಗಾದರೆ ಉತ್ತರ ಕಣ್ಣೆದುರಿಗೇ ಇದೆಯಲ್ಲ, ಗೂಡು ಹಳತಾದಂತೆ ಎದೆಯೊಳಗೇ ಬಿರಿಯುತ್ತಿದೆ.

ನಿಯಂತ್ರಣ ಕೊಠಡಿಯ ದೊಡ್ಡ ಪರದೆಯ ಮುಂದೆ ನಿಂತು ನಿರ್ದೇಶಕಿ ಫಿರ್ದೋಸ್ ಬೇಗಂ ಅದನ್ನೇ ಹೇಳಿದರು. ಅವರು ಧಾರವಾಡದ ಕಡೆಯಿಂದ ವರ್ಗವಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ವಯಸ್ಸಿನಲ್ಲಿ ವನಮಾಲಳಿಗಿಂತ ಚಿಕ್ಕವರು, ಮಾತಿನಲ್ಲಿ ಬಿಗಿ. ಪರದೆಯ ಪಕ್ಕದ ಗಾಜಿನ ಕಪಾಟಿನಲ್ಲಿ ಬಿರುಕಿಲ್ಲದ ಗೂಡೊಂದಿತ್ತು. ಅದೂ ಹಳೆಯದೇ, ಆದರೂ ಒಂದು ಗೆರೆಯಿಲ್ಲ. ಕೆಳಗೆ 'ಅತ್ಯುತ್ತಮ ಮಾದರಿ' ಎಂಬ ಚೀಟಿ. ಬಂದ ಅತಿಥಿಗಳಿಗೆಲ್ಲ ಅದನ್ನೇ ತೋರಿಸುವುದು.

"ಮೊದಲನೇ ತಂಡದ ಎಲ್ಲರಿಗೂ ಗೂಡು ಬದಲಾಯಿಸಬೇಕು," ಎಂದರು ಫಿರ್ದೋಸ್. "ಅಲ್ಲೀವರೆಗೂ ಯಾರೂ ಭಾರ ಎತ್ತೋ ಹಾಗಿಲ್ಲ, ಓಡೋ ಹಾಗಿಲ್ಲ. ಮರಳಿಸುವವರ ಸಹಿ ಹೊಸದಾಗಿ ಬೇಕು. ಸಹಿ ಇಲ್ದೆ ಆಪರೇಷನ್ ಇಲ್ಲ." ಆಮೇಲೆ ವನಮಾಲಳ ಕಡೆ ತಿರುಗಿದರು. "ನಿಮ್ದೂ ಇದೆ ಅಲ್ವಾ ವನಮಾಲಾ ಮೇಡಂ? ಇಲ್ಲಿ ನಿಮ್ಮ ತಾಯಿ ಹೆಸರಿದೆ. ಅವರು ತೀರಿಕೊಂಡ್ರು ಅಂತ ಕೇಳಿದ್ದೆ."

"ಹೌದು ಮೇಡಂ."

"ಮತ್ತೆ ಯಾರಿದ್ದಾರೆ?"

ಕೊಠಡಿಯಲ್ಲಿದ್ದ ಎಂಟೂ ಜನ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು ವನಮಾಲಳಿಗೆ. "ಅಣ್ಣ ಇದಾನೆ, ಹಾಸನದಲ್ಲಿ. ಬರ್ತಾನೆ," ಎಂದುಬಿಟ್ಟಳು.

ಹಾಸನದಲ್ಲಿದ್ದವನು ದೊಡ್ಡಪ್ಪನ ಮಗ ಅಚ್ಯುತ. ಒಡಹುಟ್ಟಿದ ಅಣ್ಣ ಅವಳಿಗೆ ಇರಲೇ ಇಲ್ಲ.

ಚಾಮುಂಡಿಪುರದ ಬಾಡಿಗೆ ಮನೆಗೆ ಬಂದವಳು ಕುರ್ಚಿಯಲ್ಲಿ ಸುಮ್ಮನೆ ಕೂತಳು. ಅಡುಗೆಮನೆಯಿಂದ ಹುಳಿ ವಾಸನೆ ಬರುತ್ತಿತ್ತು. ಒಬ್ಬಳಿಗಾಗಿ ರುಬ್ಬಿದ ದೋಸೆ ಹಿಟ್ಟು ಯಾವತ್ತೂ ಹದದಲ್ಲಿ ಮುಗಿಯುವುದಿಲ್ಲ. ಎಷ್ಟು ಕಡಿಮೆ ನೆನೆಹಾಕಿದರೂ ಕೊನೆಯ ದೋಸೆಗಳು ಹುಳಿಯೇ. ಅಮ್ಮ ಇದ್ದಾಗ ಹಿಟ್ಟು ಹುಳಿಯಾಗಲು ಪುರುಸೊತ್ತೇ ಇರಲಿಲ್ಲ.

ಕೂತಾಗ ಎದೆಯೊಳಗಿನ ಸದ್ದು ಕೇಳಿಸಿತು. ಟಕ್. ಉಸಿರು ಪೂರ್ತಿ ಎಳೆದಾಗ ಬಲಗಡೆ, ಆರನೆಯ ಎಲುಬಿನ ಹತ್ತಿರ. ಅದು ಅಮ್ಮ ಹೋದಾಗಿನಿಂದಲೂ ಇತ್ತು; ಯಾರಿಗೂ ಹೇಳಿರಲಿಲ್ಲ. ಯಾರಿಗೆ ಹೇಳುವುದು? ಇಷ್ಟು ದಿನ ಕೀಲಿನ ಸದ್ದು ಎಂದುಕೊಂಡಿದ್ದದ್ದು ಈಗ ಬಿರುಕಿನ ಸದ್ದಾಯಿತು. ಅಂದಿನಿಂದ ವನಮಾಲ ಅರ್ಧರ್ಧ ಉಸಿರಾಡತೊಡಗಿದಳು. ಸದ್ದು ಬರುವುದಕ್ಕೆ ಮುಂಚೆಯೇ ಉಸಿರು ನಿಲ್ಲಿಸಿ ಬಿಟ್ಟುಬಿಡುವುದು. ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಬರುತ್ತಿತ್ತು. ತುಂಬು ಉಸಿರಿಗೂ ಹೆದರಬೇಕಾಯಿತಲ್ಲ ಎಂದು ಅವಳಿಗೆ ಅಳು ಬಂತು, ಆದರೆ ಅಳುವುದಕ್ಕೂ ಉಸಿರು ಬೇಕು.

ಭಾನುವಾರ ಅಚ್ಯುತನಿಗೆ ಫೋನ್ ಮಾಡಿದಳು.

"ಅಯ್ಯೋ ವನೂ, ಹೀಗೆ ಹೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡ," ಎಂದ ಅವನು. "ಮಗಳ ಮದುವೆ ಇಟ್ಕೊಂಡಿದೀವಿ. ಶುಭಕಾರ್ಯ ಎದುರಿಗಿರುವಾಗ ಅಂಥದಕ್ಕೆಲ್ಲ ಸಹಿ ಹಾಕಬಾರದು ಅಂತಾಳೆ ನಿನ್ನ ಅತ್ತಿಗೆ. ಮದುವೆ ಆಗಿ, ವರ್ಷದ ಹಬ್ಬಗಳು ಮುಗೀಲಿ, ನೋಡೋಣ."

"ಪರವಾಗಿಲ್ಲ ಬಿಡೋ. ನೋಡೋಣ."

"ಮದುವೆಗೆ ಮಾತ್ರ ತಪ್ಪಿಸಬೇಡ. ಮೊದಲೇ ಬಂದು ಕೆಲಸಕ್ಕೆ ಕೈ ಹಾಕಬೇಕು, ಆಯ್ತಾ?"

ಪಕ್ಕದ ಮನೆಯ ಸುಶೀಲಮ್ಮನನ್ನು ಕೇಳೋಣವೆಂದು ಒಂದು ಬಟ್ಟಲು ಹುಳಿಯವಲಕ್ಕಿ ಹಿಡಿದು ಹೋದಳು. ಅವರ ಮೊಮ್ಮಕ್ಕಳ ಪರೀಕ್ಷೆ, ಮೊಣಕಾಲು ನೋವು, ಕಾರ್ಪೊರೇಷನ್ ನೀರು, ಎಲ್ಲ ಮಾತಾಡಿದ್ದಾಯಿತು. ನಾನು ಸತ್ತರೆ ನನ್ನ ಎದೆಗೂಡು ತಂದುಕೊಡುತ್ತೀರಾ ಎಂದು ಕೇಳುವುದಕ್ಕೆ ಬಾಯಿ ತನಕ ಬಂದ ಮಾತು ಮತ್ತೆ ಹಿಂದಕ್ಕೆ ಹೋಯಿತು. ಬಟ್ಟಲು ತೊಳೆದುಕೊಟ್ಟರು, ತೆಗೆದುಕೊಂಡು ಬಂದಳು.

ಶಸ್ತ್ರಚಿಕಿತ್ಸೆಗಳು ಶುರುವಾಗುವುದಕ್ಕೆ ಒಂದು ವಾರ ಇದೆ ಎನ್ನುವಾಗ ಸಂಸ್ಥೆಗೆ ಪುಟ್ಟಮಾದಯ್ಯ ಬಂದರು. ಎಪ್ಪತ್ತು ದಾಟಿದ, ಅಗಲ ಭುಜದ ಮುದುಕ. ನಂಜನಗೂಡಿನ ಬಾಳೆ ಮಂಡಿಯಲ್ಲಿ ಗೊನೆ ಹೊತ್ತು ಬೆಳೆದ ಮೈ. ಹೆಂಡತಿಯ ಗೂಡನ್ನು ಅವಳದೇ ಹಸಿರು ಸೀರೆಯಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ತೋಳಲ್ಲಿ ಇಟ್ಟುಕೊಂಡಿದ್ದರು. ಮೇಜಿನ ಮೇಲೆ ಇಡಿ ಎಂದರೂ ಇಡಲಿಲ್ಲ.

"ಕೂತ್ಕೊಳ್ಳಿ ಯಜಮಾನ್ರೆ," ಎಂದಳು ವನಮಾಲ. "ಅವಸರ ಏನಿಲ್ಲ."

ಅವರು ಕೂತರು. ಬಗ್ಗಿ ಕಾಗದ ಎತ್ತಿಕೊಳ್ಳುವಾಗ ವನಮಾಲ ಮೈಮರೆತು ಪೂರ್ತಿ ಉಸಿರೆಳೆದಳು, ಎದೆ ಟಕ್ ಎಂದಿತು. ಅವರು ಅವಳನ್ನೇ ದಿಟ್ಟಿಸಿ, "ನಿಮ್ಗೂ ಅದೇನವ್ವ?" ಎಂದರು.

"ಏನು?"

"ಗೂಡು. ಟಕ್ ಅಂತಲ್ಲ. ನಮ್ಮವಳ್ಗೂ ಅಂಗೇ ಅಂತಿತ್ತು, ಬಲ್ಗಡೇಲಿ. ಹಾಕ್ಸಿದ್ ಮಾರ್ನೇ ವರ್ಸದಿಂದ್ಲೇ. ಮೊದ್ಲು ಮೊದ್ಲು ನಂಗೆ ನಿದ್ದೇನೇ ಬರ್ತಿರ್ನಿಲ್ಲ. ಆಮ್ಯಾಕೆ ಆ ಸದ್ದು ಕೇಳ್ದಿದ್ರೆ ನಿದ್ದೆ ಬರ್ತಿರ್ನಿಲ್ಲ. ಈಗ ನೋಡಿ, ಮನೆ ತುಂಬಾ ನಿಸ್ಸಬ್ದ." ಮುದುಕ ಮುಖ ಒರೆಸಿಕೊಂಡರು.

ಇಷ್ಟು ವರ್ಷಗಳಲ್ಲಿ ವನಮಾಲಳ ಉಸಿರಿನ ಸದ್ದು ಕೇಳಿಸಿಕೊಂಡವರು ಯಾರೂ ಇರಲಿಲ್ಲ. ಗೂಡಿಗೆ ಸುತ್ತಿದ್ದ ಸೀರೆ ಬಿಚ್ಚಿ ನೋಡಿದಳು. ಆರನೆಯ ಎಲುಬಿನ ಬಾಗಿನಲ್ಲಿ ಅದೇ ಬಿರುಕು. ಅದರ ಸುತ್ತ ಕಂದುಬಣ್ಣದ ಕಲೆ.

"ಇದೇನು ಯಜಮಾನ್ರೆ, ಕಲೆ?"

"ಹಾಲು ಕಣವ್ವ. ಹಾಲು-ತುಪ್ಪ ಬುಡ್ಬೇಕಲ್ಲ. ಮುಂಚೆ ಸೌದೇಲಿ ಸುಡ್ತಿದ್ದಾಗ ಮೂರ್ ದಿನಕ್ಕೆ ಬುಡ್ತಿದ್ದೊ, ಎಲ್ಲಾ ತಣ್ಣಗಾಗಿರಾದು. ಈಗ ಕರೆಂಟ್ ಒಲೆ. ಗಂಟೆ ಒಳ್ಗೆ ಕೈಗೆ ಕೊಟ್ಬುಡ್ತಾರೆ, ಅಲ್ಲೇ ಹಾಲು ಬುಟ್ಟು ಹೊರಡಿ ಅಂತಾರೆ, ಹಿಂದ್ಗಡೆ ಇನ್ನೊಂದ್ ಹೆಣ ಕಾಯ್ತಿರ್ತದೆ. ನಾನು ಅವಳ ತಲೆ ಕಡೆಯಿಂದ ಬುಟ್ಟೆ. ಕಾದ್ ಕಾವ್ಲಿ ಮ್ಯಾಲೆ ನೀರ್ ಬಿದ್ದಂಗೆ ಸುಯ್ ಅಂತು. ಆಮೇಲೆ ಒಳಗಿಂದ ಟಕ್ ಅಂತು. ಅದೇ ಸದ್ದು! ಇವಳು ಬದ್ಕೇ ಅವ್ಳೇನೋ ಅನ್ಕಂಡು ನಾನು ಕೈ ಮಡಗ್ಬುಟ್ಟೆ." ಅಂಗೈ ತೋರಿಸಿದರು. ಸುಟ್ಟ ಗುಳ್ಳೆ ಒಡೆದು ಒಣಗುತ್ತಿತ್ತು.

ವನಮಾಲ ಅವರ ಅಂಗೈಯನ್ನೂ ಬಿರುಕನ್ನೂ ಬಾರಿ ಬಾರಿ ನೋಡಿದಳು. ಕೆಂಡದಂತೆ ಕಾದ ಪಿಂಗಾಣಿ, ಫ್ರಿಜ್ಜಿನಿಂದ ತಂದ ಪ್ಯಾಕೆಟ್ ಹಾಲು. ದಪ್ಪವಿದ್ದದ್ದು ತೆಳುವಾಗುವ ಜಾಗ ಆ ಬಾಗು; ತಟ್ಟನೆ ತಣಿಸಿದರೆ ಅಲ್ಲೇ ಒಡೆಯಬೇಕು. ಬಿರುಕು ಬಂದದ್ದು ಗೂಡು ಹಳತಾದ್ದರಿಂದ ಅಲ್ಲ. ಎರಡು ವರ್ಷದ ಹಿಂದೆ ಚಿತಾಗಾರಗಳಿಗೆ ಹೊಸ ಕುಲುಮೆ ಬಂತಲ್ಲ, ಅಂದಿನಿಂದ ಬಂದ ಬಿರುಕು ಇದು. ಬದುಕಿರುವ ಯಾರ ಎದೆಯಲ್ಲೂ ಇದು ಇಲ್ಲ. ತನ್ನ ಎದೆಯಲ್ಲೂ ಇಲ್ಲ.

ಅವಳು ತುಂಬ ದಿನಗಳ ಮೇಲೆ ಹೆದರದೆ ಪೂರ್ತಿ ಉಸಿರೆಳೆದಳು. ಟಕ್ ಎಂದಿತು. ಪುಟ್ಟಮಾದಯ್ಯ ತಲೆಯೆತ್ತಿ ನೋಡಿ ನಕ್ಕರು.

ಮಧ್ಯಾಹ್ನ ಊಟಕ್ಕೂ ಹೋಗದೆ ವನಮಾಲ ಉಗ್ರಾಣದಲ್ಲಿ ಕೂತು, ಹೊಸ ಕುಲುಮೆ ಬಂದ ಮೇಲೆ ವಾಪಸಾದ ಗೂಡುಗಳನ್ನೆಲ್ಲ ತೆಗೆಸಿ ನೋಡಿದಳು. ಬಿರುಕಿದ್ದವುಗಳಲ್ಲೆಲ್ಲ ಕಲೆ ಇತ್ತು. ತೊಳೆದು ತಂದವುಗಳಲ್ಲೂ ಸಂದಿಯಲ್ಲಿ ಒಂದಿಷ್ಟು ಉಳಿದಿತ್ತು. ಬಿರುಕಿಲ್ಲದವು ಮೂರೇ ಮೂರು. ಮೂರನ್ನೂ ತಂದವರು ಸಂಬಂಧಿಕರಲ್ಲ. ದೊಡ್ಡಾಸ್ಪತ್ರೆಯ ಶವಾಗಾರದವರೇ ಸುಡಿಸಿ ವ್ಯಾನಿನಲ್ಲಿ ಕಳಿಸಿದಂಥವು. ಮರಳಿಸುವವರೆಂದು ಸಹಿ ಹಾಕಿದ್ದವರು ಸತ್ತಿದ್ದರು, ಇಲ್ಲವೆ ಊರು ಬಿಟ್ಟಿದ್ದರು. ಗಾಜಿನ ಕಪಾಟಿನಲ್ಲಿದ್ದ 'ಅತ್ಯುತ್ತಮ ಮಾದರಿ'ಯೂ ಅದರಲ್ಲೊಂದು.

ಅವಳು ಕಪಾಟಿನ ಮುಂದೆ ಹೋಗಿ ನಿಂತಳು. ಆ ಗೂಡಿನ ಸವೆತ ಅಳೆದವಳು ಅವಳೇ. ಗಂಡಸು, ಮೇಲಿನ ಎರಡು ಜೊತೆ ಮಾತ್ರ ತೇದಿದ್ದವು. ಇಷ್ಟು ಚೆನ್ನಾಗಿ ಉಳಿದಿದೆಯಲ್ಲ ಎಂದು ಇದನ್ನು ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಒಂದು ಲೋಟ ಹಾಲು ಬಿಡುವವರೂ ಇಲ್ಲದ್ದರಿಂದ ಅದು ಚೆನ್ನಾಗಿ ಉಳಿದಿತ್ತು, ಅಷ್ಟೆ. ತನ್ನ ಗೂಡು ಕೂಡ ಹೀಗೇ ನುಣ್ಣಗೆ, ಒಂದು ಗೆರೆಯಿಲ್ಲದೆ ಬಂದು ಈ ಕಪಾಟು ಸೇರುತ್ತದೆ. ಅತಿಥಿಗಳು ಬಂದು ಮೆಚ್ಚಿಕೊಂಡು ಹೋಗುತ್ತಾರೆ. ವನಮಾಲಳಿಗೆ ಎದೆ ಬಿರಿಯುವಷ್ಟು ದುಃಖವಾಯಿತು. ಗಾಜಿನ ಮೇಲೆ ಹಣೆಯಿಟ್ಟು ನಿಂತೇ ಇದ್ದಳು.

ಫಿರ್ದೋಸ್ ಎಲ್ಲವನ್ನೂ ಕೇಳಿದ ಮೇಲೆ, "ತರ್ಕ ಸರಿಯಾಗಿದೆ. ಆದ್ರೆ ಪ್ರಯೋಗ ಆಗ್ಬೇಕು," ಎಂದರು. "ನಮ್ಮಲ್ಲಿ ಮಣ್ಣು ಮಾಡೋದು, ಅದಕ್ಕೆ ಕಾನೂನಲ್ಲಿ ವಿನಾಯಿತಿ ಇದೆ, ಗೂಡೂ ಅವರ ಜೊತೇಲೇ ಹೋಗುತ್ತೆ. ಈ ಹಾಲಿನ ವಿಷಯ ನನಗೆ ತಲೆಗೇ ಬಂದಿರ್ಲಿಲ್ಲ. ನಿಮ್ಮ ಯಾರ ತಲೆಗೂ ಯಾಕೆ ಬರ್ಲಿಲ್ಲ?"

ಸಂಸ್ಥೆಯಲ್ಲಿ ಅರ್ಧಕ್ಕರ್ಧ ಜನ ಮನೆಯವರಿಗೆ ಹಾಲು ಬಿಟ್ಟು ಬಂದವರೇ. ಮನೆಯ ಕೆಲಸ ಮನೆಗೆ, ಪ್ರಯೋಗಾಲಯದ ಕೆಲಸ ಪ್ರಯೋಗಾಲಯಕ್ಕೆ ಎಂದು ಬೇರೆ ಬೇರೆ ಇಟ್ಟುಕೊಂಡಿದ್ದರು.

ಪ್ರಯೋಗಕ್ಕೆ ಬಿರುಕಿಲ್ಲದ ಹಳೆಯ ಗೂಡೇ ಬೇಕಿತ್ತು. ಕಪಾಟು ತೆರೆದರು. ಮರುದಿನ ಬೆಳಿಗ್ಗೆ ಕುಲುಮೆ ಕಾಯಿಸಿ, ಕ್ಯಾಮೆರಾ ಜೋಡಿಸಿ, ಚಿತಾಗಾರದಲ್ಲಿ ಹೇಗೆ ಮಾಡುತ್ತಾರೋ ಹಾಗೆಯೇ ಆಗಲಿ ಎಂದು ಪುಟ್ಟಮಾದಯ್ಯನನ್ನೂ ಕರೆಸಿದರು. ಅವರು ಬಂದವರೇ ಚಪ್ಪಲಿ ಹೊರಗೆ ಬಿಟ್ಟರು. ಅದನ್ನು ನೋಡಿ ಎಂಜಿನಿಯರುಗಳೂ ಒಬ್ಬೊಬ್ಬರಾಗಿ ಬೂಟು ಬಿಚ್ಚಿದರು.

ತಟ್ಟೆ ಹೊರಗೆ ಬಂತು. ಗೂಡು ಕೆಂಪಗೆ ಹೊಳೆದು ನಿಧಾನವಾಗಿ ಬಿಳಿಚಿಕೊಂಡಿತು.

"ಇವರ ಹೆಸ್ರೇನು?" ಎಂದರು ಪುಟ್ಟಮಾದಯ್ಯ.

"ಹೆಸರು ನಮಗೆ ಬರಲ್ಲ. ನಂಬರ್ ಇದೆ," ಎಂದ ಎಂಜಿನಿಯರೊಬ್ಬ.

"ನಂಬ್ರು ಹಿಡ್ದು ಕರೆದ್ರೆ ಯಾರಪ್ಪ ಓಗೊಡ್ತಾರೆ?" ಮುದುಕ ಹಾಲಿನ ಚೊಂಬನ್ನು ವನಮಾಲಳ ಕಡೆ ಚಾಚಿದರು. "ನಾನು ನಮ್ಮವಳ್ಗೆ ಬುಟ್ಟಾಯ್ತು. ಇವರಿಗೆ ನೀವು ಬುಡಿ ಅವ್ವ. ತಲೆ ಕಡೆಯಿಂದ. ಎಲ್ಲಾ ಒಂದೇ ಸಲಕ್ಕೆ ಸುರೀಬ್ಯಾಡಿ. ನಮ್ಮೋರು ಅನ್ಕಂಡು ಬುಡ್ಬೇಕು."

ಚೊಂಬು ತಣ್ಣಗಿತ್ತು. ವನಮಾಲ ಹಾಲು ಬಿಟ್ಟಳು. ಸುಯ್ ಎಂದು ಹಬೆಯೆದ್ದು ಕನ್ನಡಕ ಮಂಜಾಯಿತು. ಹಾಲು ಸೀದ ವಾಸನೆ ಕೊಠಡಿ ತುಂಬಿತು. ಅಣ್ಣಾ, ನಿಮ್ಮ ಹೆಸರು ನನಗೆ ಗೊತ್ತಿಲ್ಲ ಎಂದುಕೊಂಡಳು. ನಿಟ್ಟುಸಿರು ಬಿಡುತ್ತಿದ್ದಿರಿ ಎಂಬುದೊಂದು ಗೊತ್ತು.

ಟಕ್.

ಪರದೆಯ ಮೇಲೆ ಆರನೆಯ ಎಲುಬಿನ ಬಾಗಿನಲ್ಲಿ ಕೂದಲೆಳೆಯಂಥ ಗೆರೆ ಓಡಿತು. ಅದೇ ಜಾಗ, ಅದೇ ಓರೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಯಾರೋ ಕೂಗಿಯೇಬಿಟ್ಟರು. ಇನ್ನೂರು ಚಿಲ್ಲರೆ ಎದೆಗಳನ್ನು ಕೊಯ್ಯುವುದು ತಪ್ಪಿತಲ್ಲ, ಸಂತೋಷವೇ. ವನಮಾಲ ಮಾತ್ರ ಚೊಂಬು ಹಿಡಿದುಕೊಂಡು ಕನ್ನಡಕ ಒರೆಸಿಕೊಳ್ಳದೆ ನಿಂತಿದ್ದಳು.

ಸಂಜೆಗೆ ಶಸ್ತ್ರಚಿಕಿತ್ಸೆಗಳೆಲ್ಲ ರದ್ದಾದವು. ಚಿತಾಗಾರಗಳಿಗೆ ಕಳಿಸುವ ಸೂಚನೆಯನ್ನು ಬರೆಯಲು ವನಮಾಲಳಿಗೇ ಹೇಳಿದರು. 'ಗೂಡಿನ ಮೇಲೆ ಹಾಲು ಸುರಿಯಬಾರದು' ಎಂದು ಬರೆಯಲು ಅವಳ ಕೈ ಬರಲಿಲ್ಲ. 'ಗೂಡು ತಣ್ಣಗಾಗುವವರೆಗೆ ಮನೆಯವರಿಗೆ ಕೂತು ಕಾಯಲು ಜಾಗ ಕೊಡಿ. ಆಮೇಲೆ ಹಾಲು ಬಿಡಲಿ' ಎಂದು ಬರೆದಳು. ಫಿರ್ದೋಸ್ ಓದಿ, ಒಂದಕ್ಷರ ತಿದ್ದದೆ ಒಪ್ಪಿದರು.

ಬಿರುಕು ಬಿಟ್ಟ ಗೂಡು ಇನ್ನೂ ಮೇಜಿನ ಮೇಲಿತ್ತು. 'ಅತ್ಯುತ್ತಮ ಮಾದರಿ' ಎಂಬ ಚೀಟಿಯನ್ನು ಕಪಾಟಿನಿಂದ ತೆಗೆದುಹಾಕುತ್ತಿದ್ದ ವನಮಾಲಳ ಬಳಿಗೆ ಫಿರ್ದೋಸ್ ಬಂದು ನಿಂತರು. ಉಳಿದವರೆಲ್ಲ ಸಿಹಿ ತರಿಸುವ ಗಲಾಟೆಯಲ್ಲಿ ಆಚೆ ಹೋಗಿದ್ದರು.

"ಆಪರೇಷನ್ ಇಲ್ಲ ಅಂದ್ಮೇಲೆ ಈಗಲೇ ಸಹಿ ಬೇಕಾಗಿಲ್ಲ," ಎಂದರು ಫಿರ್ದೋಸ್. "ಆದ್ರೂ ಕೇಳ್ತೀನಿ. ಹಾಸನದ ಅಣ್ಣ ಬರ್ತಾರಾ?"

"ಬರಲ್ಲ ಮೇಡಂ." ವನಮಾಲ ಚೀಟಿಯನ್ನು ಮಡಿಸಿದಳು. ಇನ್ನು ಸುಳ್ಳು ಹೇಳಲು ಅವಳಲ್ಲಿ ತ್ರಾಣವಿರಲಿಲ್ಲ. "ನನಗೆ ಅಣ್ಣ ಇಲ್ಲ. ಯಾರೂ ಇಲ್ಲ."

ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಉಸಿರು ತಾನಾಗಿ ಒಳಗೆ ಹೋಯಿತು, ಆಳಕ್ಕೆ. ಎದೆ ಟಕ್ ಎಂದಿತು. ಖಾಲಿ ಕೊಠಡಿಯಲ್ಲಿ ಸದ್ದು ಸ್ಪಷ್ಟವಾಗಿ ಕೇಳಿಸಿತು. ಫಿರ್ದೋಸ್ ಅದನ್ನು ಕೇಳಿಸಿಕೊಂಡರು.

ಅವರು ಮೇಜಿನ ಮೇಲಿದ್ದ ಚೊಂಬನ್ನು ಎತ್ತಿ, ಒಳಗೆ ನೋಡಿದರು. ತಳದಲ್ಲಿ ಒಂದಿಷ್ಟು ಹಾಲು ಉಳಿದಿತ್ತು.

"ನಮ್ಮಲ್ಲಿ ಮೂರು ಹಿಡಿ ಮಣ್ಣು ಹಾಕ್ತೀವಿ, ಹಾಲು ಬಿಡೋದು ನನಗೆ ಬರಲ್ಲ," ಎಂದರು. "ಎಷ್ಟು ಬಿಡಬೇಕು, ಹೇಗೆ ಬಿಡಬೇಕು ಅಂತ ಸರಿಯಾಗಿ ಹೇಳಿಕೊಡಿ ಮೇಡಂ. ಕಲ್ತಿರ್ತೀನಿ."